ಗುಡ್ಡ ಸರ್ಕಾರದ್ದೋ, ಊರಿನದೋ?

ರಾಜ್ಯಶಾಸ್ತ್ರದ ಯಾವ ಪಠ್ಯಪುಸ್ತಕವನ್ನು ತೆರೆದರೂ ಮೊದಲ ಪುಟಗಳಲ್ಲಿಯೇ ಒಂದು ಮಾತು ಎದುರಾಗುತ್ತದೆ: ಜನಸಂಖ್ಯೆ, ಭೂಪ್ರದೇಶ, ಸರ್ಕಾರ ಮತ್ತು ಪರಮಾಧಿಕಾರ ಎಂಬ ನಾಲ್ಕು ಅಂಶಗಳು ಕೂಡಿದರೆ ರಾಜ್ಯವಾಗುತ್ತದೆ. ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳು ಇದನ್ನು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಬೇಸಿಗೆ ರಜೆ ಮುಗಿಯುವುದರೊಳಗೆ ಮರೆತುಬಿಡುತ್ತಾರೆ. ಊರಿನ ಹಿರಿಯರು ಇದು ಓದಿದವರ ಮಾತೆಂದು ಪಕ್ಕಕ್ಕಿಡುತ್ತಾರೆ. ಆದರೆ ಸಂಡೂರಿನ ಗುಡ್ಡಗಳಲ್ಲಿ, ಹೊಸಪೇಟೆಯ ಅಣೆಕಟ್ಟೆಯಲ್ಲಿ, ಹಂಪಿಯ ಬಜಾರಿನಲ್ಲಿ, ಕಂಪ್ಲಿಯ ಗದ್ದೆಗಳಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ನಡೆದ ದೊಡ್ಡ ಸಂಗತಿಗಳೆಲ್ಲವೂ ಈ ಪದಗಳ ಸುತ್ತಲೇ ನಡೆದಿವೆ. ಯಾರ ಬಾಗಿಲನ್ನು ತಟ್ಟಬೇಕೆಂಬುದು ನಮಗೆ ತಿಳಿಯುವಷ್ಟರಲ್ಲಿ ಅದಿರು ಬಂದರನ್ನು ಸೇರಿರುತ್ತದೆ. ಆದುದರಿಂದ ಗುಡ್ಡದ ಕೆಳಗೆ ಬದುಕುವವರಿಗೆ ರಾಜ್ಯಶಾಸ್ತ್ರದ ಪ್ರಥಮ ಪಾಠಗಳು ಗುದ್ದಲಿ, ಕುಡುಗೋಲುಗಳಂತೆ ಬಳಕೆಯ ಸಾಧನಗಳು ಎಂಬುದು ಈ ಲೇಖನದ ವಾದ.

ಒಂದೇ ಪದ, ಹಲವು ಅರ್ಥ

ಕನ್ನಡದಲ್ಲಿ ‘ರಾಜ್ಯ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಕರ್ನಾಟಕ ರಾಜ್ಯ, ಆಂಧ್ರ ರಾಜ್ಯ ಎನ್ನುವಾಗ ಒಕ್ಕೂಟದ ಒಂದು ಘಟಕವೆಂದು ಅರ್ಥ. ಪಠ್ಯಪುಸ್ತಕದ ನಾಲ್ಕು ಅಂಶಗಳ ರಾಜ್ಯವಾದರೋ ಬೇರೆ. ಅದನ್ನು ‘ಪ್ರಭುತ್ವ’ ಎಂದು ಕರೆದರೆ ಗೊಂದಲ ಕಡಿಮೆಯಾಗುತ್ತದೆ. ಪರಮಾಧಿಕಾರ ಇರುವುದು ಈ ಪ್ರಭುತ್ವಕ್ಕೆ. ಸರ್ಕಾರವು ಪ್ರಭುತ್ವದ ನಾಲ್ಕು ಅಂಶಗಳಲ್ಲಿ ಒಂದು ಮಾತ್ರ. ಅದು ಐದು ವರ್ಷಕ್ಕೊಮ್ಮೆ, ಕೆಲವೊಮ್ಮೆ ಐದು ತಿಂಗಳಿಗೇ ಬದಲಾಗುತ್ತದೆ. ಪ್ರಭುತ್ವ ಉಳಿಯುತ್ತದೆ.

ನಾವಾದರೋ ಎಲ್ಲವನ್ನೂ ‘ಸರ್ಕಾರ’ ಎಂಬ ಒಂದೇ ಪದದಲ್ಲಿ ಹಾಕಿ ಕಟ್ಟುತ್ತೇವೆ. ಗ್ರಾಮಲೆಕ್ಕಿಗನೂ ಸರ್ಕಾರ, ಅರಣ್ಯ ರಕ್ಷಕನೂ ಸರ್ಕಾರ, ವಿಧಾನಸಭೆಯೂ ಸರ್ಕಾರ, ದೆಹಲಿಯೂ ಸರ್ಕಾರ. ಗುಡ್ಡವನ್ನು ‘ಸರ್ಕಾರದ ಗುಡ್ಡ’ ಎನ್ನುತ್ತೇವೆ. ಹಾಗೆಂದ ಕ್ಷಣದಲ್ಲಿಯೇ, ಅಧಿಕಾರದಲ್ಲಿರುವವರು ಅದನ್ನು ತಮ್ಮ ಮನೆಯ ಆಸ್ತಿಯಂತೆ ಕೊಡಬಹುದು, ಬಿಡಬಹುದು ಎಂಬ ಒಪ್ಪಿಗೆಯನ್ನು ಅರಿವಿಲ್ಲದೆಯೇ ನೀಡಿಬಿಡುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಕಮಲನಾಥ್ ಪ್ರಕರಣದಲ್ಲಿ ನದಿ, ಅರಣ್ಯಗಳಂತಹ ನಿಸರ್ಗ ಸಂಪತ್ತಿಗೆ ಪ್ರಭುತ್ವವು ಧರ್ಮದರ್ಶಿಯೇ ಹೊರತು ಒಡೆಯನಲ್ಲ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಧರ್ಮದರ್ಶಿಯು ಗುಡಿಯ ಒಡವೆಯನ್ನು ಕಾಯಬೇಕು, ಮಾರುವಂತಿಲ್ಲ.

ನಮ್ಮ ನೆಲದ ಚರಿತ್ರೆಯೇ ಈ ವ್ಯತ್ಯಾಸವನ್ನು ಕಲಿಸುತ್ತದೆ. ಕಂಪಿಲದೇವನ ಕಂಪ್ಲಿ ರಾಜ್ಯ 1327ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ಬಿದ್ದಿತು. ಅದರ ಬೆನ್ನಿಗೇ ವಿಜಯನಗರ ಎದ್ದು, 1565ರ ಯುದ್ಧದ ನಂತರ ಹಂಪಿ ಪಾಳಾಯಿತು. ಸಂಡೂರು ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನವಾಗಿ ಉಳಿದು 1949ರಲ್ಲಿ ಭಾರತ ಒಕ್ಕೂಟದೊಂದಿಗೆ ವಿಲೀನವಾಗಿ ಮದರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯೊಂದಿಗೆ ಮೈಸೂರಿಗೆ ಬಂದಿತು. 1973ರಲ್ಲಿ ಆ ಮೈಸೂರೇ ಕರ್ನಾಟಕವಾಯಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು ವಿಜಯನಗರ ಜಿಲ್ಲೆ ರಚನೆಯಾದಾಗ ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ದೊರೆಗಳು ಹೋದರು, ಸಂಸ್ಥಾನಗಳು ಹೋದವು, ಜಿಲ್ಲೆಯ ಗೆರೆಗಳು ಬದಲಾದವು. ವಿಜಯನಗರದ ಕಾಲದ ತುರ್ತಾ ಕಾಲುವೆ ಮಾತ್ರ ಇಂದಿಗೂ ಗದ್ದೆಗೆ ನೀರು ಹರಿಸುತ್ತಿದೆ. ಸರ್ಕಾರದ ಆಯುಸ್ಸು ಐದು ವರ್ಷ. ಕಾಲುವೆಯ ಆಯುಸ್ಸು ಐದು ಶತಮಾನ. ಇನ್ನು ಮಣ್ಣಿನ ಮಾತು ಹೇಳುವುದಾದರೆ, ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷಗಳು ಬೇಕು. ಅಷ್ಟು ದೀರ್ಘಕಾಲದ ಸಂಪತ್ತಿನ ಬಗ್ಗೆ ಅಷ್ಟು ಅಲ್ಪಕಾಲದ ಸಂಸ್ಥೆಯೊಂದೇ ತೀರ್ಮಾನಿಸಬಾರದು ಎಂಬುದಕ್ಕಾಗಿಯೇ ಸಂವಿಧಾನವು ಅಧಿಕಾರವನ್ನು ಹಂಚಿದೆ.

ಅಳಿಸಿಹೋದ ಗಡಿ, ಅಲುಗಿದ ಮೂರು ಅಂಗಗಳು

ಭೂಪ್ರದೇಶ ಎಂಬುದು ಪಠ್ಯದಲ್ಲಿ ಅತ್ಯಂತ ಸುಲಭವಾಗಿ ಕಾಣುವ ಅಂಶ. ನಕಾಶೆಯಲ್ಲಿ ಗೆರೆ ಇದ್ದರೆ ಆಯಿತಲ್ಲ ಎನಿಸುತ್ತದೆ. ಆದರೆ ಬಳ್ಳಾರಿಯಲ್ಲಿ ಗಣಿಗಾರಿಕೆ ಉತ್ತುಂಗದಲ್ಲಿದ್ದಾಗ ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿಗುರುತುಗಳೇ ನಾಶವಾಗಿವೆ ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಗಡಿಯನ್ನು ಮತ್ತೆ ಅಳೆಯುವ ಹೊಣೆ ಸರ್ವೆ ಆಫ್ ಇಂಡಿಯಾಕ್ಕೆ ಬಂದಿತು. ಪಕ್ಕದ ಹೊಲದವನು ಬದುವಿನ ಕಲ್ಲನ್ನು ಕಿತ್ತರೆ ಊರೇ ಪಂಚಾಯಿತಿ ಸೇರುತ್ತದೆ. ಎರಡು ರಾಜ್ಯಗಳ ಬದುವಿನ ಕಲ್ಲು ಹೋದಾಗ ಎರಡು ಸರ್ಕಾರಗಳೂ ಬಹುಕಾಲ ಸುಮ್ಮನಿದ್ದವು.

ಸರ್ಕಾರಕ್ಕೆ ಮೂರು ಅಂಗಗಳು: ಕಾನೂನು ಮಾಡುವ ಶಾಸಕಾಂಗ, ಅದನ್ನು ಜಾರಿಗೊಳಿಸುವ ಕಾರ್ಯಾಂಗ, ತಪ್ಪು ನಡೆದರೆ ತೀರ್ಪು ನೀಡುವ ನ್ಯಾಯಾಂಗ. ಒಂದು ಮಿತಿ ಮೀರಿದರೆ ಮತ್ತೊಂದು ತಡೆಯಬೇಕೆಂಬುದು ಇದರ ಹಿಂದಿನ ತತ್ತ್ವ. ಗಣಿಯ ವಿಷಯದಲ್ಲಿ ಕಾನೂನುಗಳಿಗೆ ಬರವಿರಲಿಲ್ಲ. 1957ರ ಗಣಿ ಮತ್ತು ಖನಿಜ ಕಾಯಿದೆ ಇತ್ತು, 1980ರ ಅರಣ್ಯ ಸಂರಕ್ಷಣಾ ಕಾಯಿದೆ ಇತ್ತು. ಬರವಿದ್ದುದು ಜಾರಿಗೆ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದೊಡನೆ ಗುತ್ತಿಗೆಯ ಗಡಿ ಮೀರಿದ ಅಗೆತ, ಪರವಾನಗಿ ಮೀರಿದ ಸಾಗಾಟ ನಡೆದವು. ಕಾರ್ಯಾಂಗ ತಡೆಯಲಿಲ್ಲ. ಗಣಿಯ ಹಣ ಚುನಾವಣೆಗೆ ಹರಿದಾಗ ಶಾಸಕಾಂಗ ಕೇಳಬೇಕಾದ ಪ್ರಶ್ನೆಗಳು ಮೆತ್ತಗಾದವು. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ್ದ ಅದಿರೇ 2010ರಲ್ಲಿ ಕಾಣೆಯಾಯಿತು.

ಆಗ ಎದ್ದು ನಿಂತದ್ದು ಎರಡು ಶಕ್ತಿಗಳು. ಮೊದಲನೆಯದು ಲೋಕಾಯುಕ್ತ. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈ ಕೊನೆಯಲ್ಲಿ ಸಲ್ಲಿಕೆಯಾಯಿತು; ಅದೇ ವಾರದಲ್ಲಿ ಅಂದಿನ ಮುಖ್ಯಮಂತ್ರಿ ರಾಜೀನಾಮೆ ನೀಡಿದರು. ಲೋಕಾಯುಕ್ತವು ನ್ಯಾಯಾಲಯವಲ್ಲ, ತನಿಖೆ ಮಾಡಿ ವರದಿ ನೀಡುತ್ತದೆ, ಶಿಕ್ಷೆ ವಿಧಿಸುವುದಿಲ್ಲ. ಆದರೂ ಸತ್ಯವನ್ನು ಕಡತದಲ್ಲಿ ದಾಖಲಿಸುವ ಸಂಸ್ಥೆಗೆ ಎಷ್ಟು ಬಲವಿದೆ ಎಂಬುದನ್ನು ಅಂದು ಕಂಡೆವು. ಎರಡನೆಯದು ನಾಗರಿಕರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಿತು. 2011ರ ಜುಲೈ 29ರಂದು ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅತಿ ಹೆಚ್ಚು ಉಲ್ಲಂಘನೆ ಮಾಡಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಂದ ವರ್ಷಕ್ಕೆ ಒಟ್ಟು 3 ಕೋಟಿ ಟನ್ನಿಗಿಂತ ಹೆಚ್ಚು ಅದಿರು ತೆಗೆಯಬಾರದೆಂಬ ಮಿತಿ ಬಂದಿತು.

ಇದು ನಮ್ಮ ಚಳವಳಿಯ ದೊಡ್ಡ ಗೆಲುವು. ಆದರೆ ರಾಜ್ಯಶಾಸ್ತ್ರದ ಕಣ್ಣಿನಿಂದ ನೋಡಿದರೆ ಎಚ್ಚರಿಕೆಯ ಗಂಟೆಯೂ ಹೌದು. ಎಷ್ಟು ಅದಿರು ತೆಗೆಯಬೇಕು ಎಂಬುದು ಕಾರ್ಯಾಂಗ ತೀರ್ಮಾನಿಸಬೇಕಾದ ವಿಷಯ. ಅದು ಕೈಚೆಲ್ಲಿದ್ದರಿಂದ ನ್ಯಾಯಾಂಗ ಆ ಕೆಲಸಕ್ಕೆ ಇಳಿಯಿತು. ಕೊಟ್ಟ ಕೈ ಸಡಿಲಿಸಲೂ ಬಲ್ಲದು. ಮೂರು ಜಿಲ್ಲೆಗಳ ಮಿತಿ 2017ರಲ್ಲಿ 3.5 ಕೋಟಿ ಟನ್ನಿಗೂ, 2022ರಲ್ಲಿ 5 ಕೋಟಿ ಟನ್ನಿಗೂ ಏರಿತು. ಗುಡ್ಡದ ಭವಿಷ್ಯವನ್ನು ಪೂರ್ತಿಯಾಗಿ ನ್ಯಾಯಾಲಯದ ಮಡಿಲಿಗೆ ಹಾಕಿ ಊರು ನಿದ್ದೆ ಹೋಗುವಂತಿಲ್ಲ.

ಒಂದೇ ದಿನದ ಎರಡು ತೀರ್ಪುಗಳು

2013ರ ಏಪ್ರಿಲ್ 18ರ ದಿನಾಂಕವನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಬೇಕು. ಸುಪ್ರೀಂ ಕೋರ್ಟಿನ ಅದೇ ಪೀಠವು ಅದೇ ದಿನ ಇನ್ನೊಂದು ಗುಡ್ಡದ ಬಗ್ಗೆಯೂ ತೀರ್ಪು ನೀಡಿತು. ಅದು ಒಡಿಶಾದ ನಿಯಮಗಿರಿ. ಅಲ್ಲಿನ ಬಾಕ್ಸೈಟ್ ಅದಿರಿಗಾಗಿ ವೇದಾಂತ ಕಂಪನಿ ಮತ್ತು ಒಡಿಶಾ ಗಣಿ ನಿಗಮ ಮುಂದಾಗಿದ್ದವು. ಡೊಂಗ್ರಿಯಾ ಕೊಂಧ ಆದಿವಾಸಿಗಳು ಆ ಗುಡ್ಡ ತಮ್ಮ ದೇವರೆಂದು ವಿರೋಧಿಸಿದ್ದರು. 2006ರ ಅರಣ್ಯ ಹಕ್ಕು ಕಾಯಿದೆಯ ಆಧಾರದ ಮೇಲೆ, ಈ ಹಕ್ಕುಗಳ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಬೇಕೆಂದು ನ್ಯಾಯಾಲಯ ಹೇಳಿತು. ಆ ವರ್ಷದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹನ್ನೆರಡು ಗ್ರಾಮಸಭೆಗಳು ಸೇರಿ, ಹನ್ನೆರಡೂ ‘ಬೇಡ’ ಎಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಆ ಗಣಿಗೆ ಅನುಮತಿ ನಿರಾಕರಿಸಿತು.

ಎರಡೂ ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಸಂಡೂರಿನ ತೀರ್ಪಿನಲ್ಲಿ ತಜ್ಞರ ಸಮಿತಿ ಅಳೆಯಿತು, ನ್ಯಾಯಾಲಯ ಮಿತಿ ಹಾಕಿತು, ಸರ್ಕಾರ ಜಾರಿಗೊಳಿಸಿತು. ಗ್ರಾಮಸಭೆಯ ಒಪ್ಪಿಗೆಯ ಪ್ರಶ್ನೆ ಅಲ್ಲಿ ಮುಖ್ಯವಾಗಲಿಲ್ಲ. ನಿಯಮಗಿರಿಯಲ್ಲಿ ಊರು ತಾನೇ ಮಾತನಾಡಿತು. ಮೊದಲನೆಯ ಮಿತಿ ಒಂಬತ್ತು ವರ್ಷಗಳಲ್ಲಿ ಎರಡು ಸಲ ಏರಿತು. ಎರಡನೆಯ ಗುಡ್ಡ ಇಂದಿಗೂ ಗುಡ್ಡವಾಗಿಯೇ ನಿಂತಿದೆ. ಕಾನೂನಿನ ಬಲದ ಜೊತೆಗೆ ಜನರ ಸಮ್ಮತಿಯ ಬಲವೂ ಕೂಡಿದಾಗ ತೀರ್ಮಾನ ಗಟ್ಟಿಯಾಗುತ್ತದೆ. ಪರಮಾಧಿಕಾರ ಜನರಲ್ಲಿದೆ ಎಂಬ ಪಠ್ಯದ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕೆ?

ಎರಡು ಸರ್ಕಾರಗಳ ನಡುವೆ ದೇವದಾರಿ

ಒಕ್ಕೂಟ ವ್ಯವಸ್ಥೆ ಎಂಬ ಮತ್ತೊಂದು ಪಾಠವನ್ನು 2024ರಲ್ಲಿ ಸಂಡೂರಿನ ದೇವದಾರಿ ಗುಡ್ಡವೇ ಕಲಿಸಿತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಿಷಯಗಳನ್ನು ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ಹಂಚಲಾಗಿದೆ. ಗಣಿಯ ನಿಯಂತ್ರಣದಲ್ಲಿ ಸಂಸತ್ತಿನ ಕಾನೂನಿಗೆ ಮೇಲುಗೈ. ಭೂಮಿ ರಾಜ್ಯ ಪಟ್ಟಿಯಲ್ಲಿದೆ. ಅರಣ್ಯವು 1976ರ 42ನೆಯ ತಿದ್ದುಪಡಿಯ ನಂತರ ಸಮವರ್ತಿ ಪಟ್ಟಿಯಲ್ಲಿದೆ. ದೇವದಾರಿಯಲ್ಲಿ ಕೇಂದ್ರದ ಕೆ.ಐ.ಒ.ಸಿ.ಎಲ್. ಸಂಸ್ಥೆಯ ಗಣಿಗೆ ಸಂಬಂಧಿಸಿದ ಕಡತಕ್ಕೆ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿಯವರು ಸಹಿ ಹಾಕಿದರು. ಕುದುರೆಮುಖದಲ್ಲಿ ಅದೇ ಸಂಸ್ಥೆಯಿಂದಾದ ಉಲ್ಲಂಘನೆಗಳು ಇತ್ಯರ್ಥವಾಗುವವರೆಗೆ ಸುಮಾರು 401 ಹೆಕ್ಟೇರ್ ಅರಣ್ಯವನ್ನು ಹಸ್ತಾಂತರಿಸಬಾರದೆಂದು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಸೂಚಿಸಿದರು. ಆ ಕಾಡಿನಲ್ಲಿ ಕಡಿಯಬೇಕಾಗಿದ್ದ ಮರಗಳು ಸುಮಾರು 99 ಸಾವಿರ.

ಎರಡು ಹಂತದ ಸರ್ಕಾರಗಳು ಹೀಗೆ ಒಂದನ್ನೊಂದು ತಡೆಯುವುದು ಒಕ್ಕೂಟದ ಗುಣವೇ. ಇಲ್ಲಿ ಅದರಿಂದ ಗುಡ್ಡಕ್ಕೆ ಉಸಿರಾಡಲು ಸಮಯ ಸಿಕ್ಕಿತು. ಆದರೆ ಈ ಜಗ್ಗಾಟದಲ್ಲಿ ಗುಡ್ಡದ ಕೆಳಗಿನ ಊರುಗಳು ಪ್ರೇಕ್ಷಕರಾಗಿದ್ದವು. ಪಕ್ಷಗಳ ಲೆಕ್ಕಾಚಾರ ಬದಲಾದ ದಿನ ಎರಡು ಸರ್ಕಾರಗಳೂ ಒಂದಾಗಬಹುದು. ಆ ದಿನಕ್ಕೆ ಊರಿನ ಬಳಿ ತನ್ನದೇ ಆದ ದಾಖಲೆ ಇರಬೇಕು.

ಯಾವ ಬಾಗಿಲು?

ಯಾವ ಅಧಿಕಾರ ಎಲ್ಲಿದೆ ಎಂಬುದು ನೀರಿನ ವಿಷಯದಲ್ಲಿಯೂ ಅಷ್ಟೇ ಮುಖ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಕಂಪ್ಲಿಯ ಭತ್ತದ ರೈತರು ತಮ್ಮ ಶಾಸಕರನ್ನು, ಜಿಲ್ಲಾಡಳಿತವನ್ನು ಕೇಳಿದುದು ಸಹಜ. ಆದರೆ ಆ ಗೇಟುಗಳ ಹೊಣೆ 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿಯದು. ಅದರಲ್ಲಿ ಕೇಂದ್ರವಿದೆ, ಕರ್ನಾಟಕವಿದೆ, ಆಂಧ್ರ ಮತ್ತು ತೆಲಂಗಾಣಗಳಿವೆ. ವಾರದೊಳಗೆ ತಾತ್ಕಾಲಿಕ ಗೇಟು ಕುಳಿತು ಬೆಳೆ ಉಳಿಯಿತು. 133 ಟಿ.ಎಂ.ಸಿ. ಎಂದು ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿರುವ ಸಮಸ್ಯೆ ಮಾತ್ರ ಉಳಿದೇ ಇದೆ. ಹೂಳಿಗೆ ಒಂದೇ ಕಾರಣವಿಲ್ಲ. ಜಲಾನಯನದ ಕಾಡು, ಉಳುಮೆ, ರಸ್ತೆ, ಗಣಿ ಎಲ್ಲವೂ ಸೇರಿವೆ. ಹೀಗೆ ಕಾರಣಗಳು ಹಲವು ಜಿಲ್ಲೆಗಳಲ್ಲಿ ಹರಡಿದಾಗ ಹೊಣೆ ಯಾರಿಗೂ ಅಂಟುವುದಿಲ್ಲ. ಹೊಣೆಗಾರಿಕೆಯನ್ನು ಹುಡುಕಿ ಹಿಡಿಯುವುದೇ ನಾಗರಿಕನ ಮೊದಲ ಕೆಲಸ.

ಹಂಪಿಯ ಅನುಭವ ಪರಿಸರಪ್ರಿಯರಿಗೂ ಒಂದು ಪಾಠ. 1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸೇತುವೆ ನಿರ್ಮಾಣದ ವಿವಾದದಿಂದ 1999ರಲ್ಲಿ ಅಪಾಯದ ಪಟ್ಟಿಗೆ ಹೋಗಿ 2006ರಲ್ಲಿ ಹೊರಬಂದಿತು. ಅದರ ರಕ್ಷಣೆಗಾಗಿ 2002ರ ಕಾಯಿದೆಯಡಿ ಪ್ರಾಧಿಕಾರವೊಂದು ರಚನೆಯಾಯಿತು. ಉದ್ದೇಶ ಒಳ್ಳೆಯದು. ಆದರೆ 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಿಂದ ಅಂಗಡಿ, ಮನೆಗಳ ಜನರನ್ನು ಎಬ್ಬಿಸಿದ ಬಗೆ ಹೇಗಿತ್ತೆಂದು ಅಲ್ಲಿನವರನ್ನು ಕೇಳಬೇಕು. ಕಲ್ಲಿನ ಮಂಟಪಗಳನ್ನು ಉಳಿಸುವ ಭರದಲ್ಲಿ ಅಲ್ಲಿ ಬದುಕಿದವರ ಮಾತಿಗೆ ಬೆಲೆ ಸಿಗಲಿಲ್ಲ. ಗಣಿಯ ಹೆಸರಿನಲ್ಲಾಗಲಿ, ಪರಂಪರೆಯ ಹೆಸರಿನಲ್ಲಾಗಲಿ, ಪರಿಸರದ ಹೆಸರಿನಲ್ಲಾಗಲಿ ಜನರನ್ನು ಕೇಳದೆ ಮಾಡುವ ಕೆಲಸಕ್ಕೆ ಅಧಿಕಾರವಿರಬಹುದು, ಸಮ್ಮತಿ ಇರುವುದಿಲ್ಲ. ಅಧಿಕಾರಕ್ಕೂ ಸಮ್ಮತಿಗೂ ಇರುವ ಈ ಅಂತರವನ್ನು ಅಳೆಯುವುದೇ ರಾಜ್ಯಶಾಸ್ತ್ರ.

ಇಲ್ಲೊಂದು ಆಕ್ಷೇಪವನ್ನು ಎದುರಿಸಲೇಬೇಕು. ಗಣಿ ನಿಂತಾಗ ಲಾರಿ ಚಾಲಕರು, ಕ್ಲೀನರುಗಳು, ಕೂಲಿಗಳು ಕೆಲಸವಿಲ್ಲದೆ ಕುಳಿತರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ನಂಬಿ ಸಾವಿರಾರು ಸಂಸಾರಗಳಿವೆ. ದೇಶಕ್ಕೆ ಕಬ್ಬಿಣ ಬೇಕು. ಈ ಮಾತುಗಳಲ್ಲಿ ಸತ್ಯವಿದೆ. ಗ್ರಾಮಸಭೆಯನ್ನು ಕೇಳಿದರೆ ಕೆಲವು ಊರುಗಳು ಗಣಿ ಬೇಕೆಂದೇ ಹೇಳಬಹುದು. ಹೇಳಲಿ. ಪ್ರಜಾಪ್ರಭುತ್ವವು ನಮಗೆ ಬೇಕಾದ ಉತ್ತರವನ್ನೇ ಕೊಡುವ ಯಂತ್ರವಲ್ಲ. ಆದರೆ ಎಷ್ಟು ವರ್ಷ, ಎಷ್ಟು ಟನ್ನು, ಯಾವ ರಸ್ತೆಯಲ್ಲಿ, ಧೂಳು ಬಿದ್ದ ಬೆಳೆಗೆ ಪರಿಹಾರ ಎಷ್ಟು, ಅಗೆದ ಗುಂಡಿಯನ್ನು ಮುಚ್ಚುವವರು ಯಾರು ಎಂಬುದನ್ನು ತಿಳಿದು ಹೇಳಿದ ‘ಹೌದು’ ಬೇರೆ. ಏನನ್ನೂ ತಿಳಿಸದೆ ಪಡೆದ ಮೌನ ಬೇರೆ. ಎಲೆಯ ಮೇಲೆ ಕೆಂಧೂಳು ಕುಳಿತರೆ ಬೆಳಕು ತಗ್ಗಿ ಗಿಡ ಸೊರಗುತ್ತದೆ ಎಂಬುದನ್ನು ತಿಳಿಯಲು ಕೃಷಿ ವಿಜ್ಞಾನದ ಪದವಿ ಬೇಡ. ಸಂಡೂರಿನ ರೈತನಿಗೆ ಅದು ಗೊತ್ತಿದೆ. ಅವನ ತಿಳಿವಳಿಕೆಯನ್ನು ಬರೆದಿಡುವ ಜಾಗ ಬೇಕಷ್ಟೆ.

ಗ್ರಾಮಸಭೆ ಎಂಬ ನಮ್ಮ ಶಾಸಕಾಂಗ

ಆ ಜಾಗವೇ ಗ್ರಾಮಸಭೆ. 73ನೆಯ ತಿದ್ದುಪಡಿ ಮತ್ತು 1993ರ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆ ಅದಕ್ಕೆ ಕಾನೂನಿನ ಆಸನ ನೀಡಿವೆ. ಸಂಸತ್ತಿಗೆ, ವಿಧಾನಸಭೆಗೆ ನಾವು ಪ್ರತಿನಿಧಿಗಳನ್ನು ಕಳುಹಿಸುತ್ತೇವೆ; ಗ್ರಾಮಸಭೆಗೆ ನಾವೇ ಸದಸ್ಯರು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬ ಹೆಣ್ಣು, ಗಂಡು ಅದರ ಸದಸ್ಯರು. ಕನಿಷ್ಠ ಆರು ತಿಂಗಳಿಗೊಮ್ಮೆ ಅದು ಸೇರಲೇಬೇಕು. ಆದರೆ ಬಹಳಷ್ಟು ಕಡೆ ಅದು ಮನೆ, ಶೌಚಾಲಯಗಳ ಫಲಾನುಭವಿಗಳ ಪಟ್ಟಿ ಓದಿ ಮುಗಿಯುವ ಸಭೆಯಾಗಿದೆ.

ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿದಿರಬೇಕು. ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶಗಳಿಲ್ಲ. ಆದುದರಿಂದ ಆದಿವಾಸಿ ಪ್ರದೇಶಗಳ ಗ್ರಾಮಸಭೆಗಳಿಗೆ ಹೆಚ್ಚಿನ ಅಧಿಕಾರ ನೀಡುವ 1996ರ ಪೆಸಾ ಕಾಯಿದೆ ನಮಗೆ ಅನ್ವಯಿಸುವುದಿಲ್ಲ. ನಿಯಮಗಿರಿಯಲ್ಲಿ ಆದದ್ದೆಲ್ಲ ಇಲ್ಲಿ ಹಾಗೆಯೇ ಆಗುತ್ತದೆಂದು ಭ್ರಮಿಸಬಾರದು. ಆದರೆ ಅರಣ್ಯ ಹಕ್ಕು ಕಾಯಿದೆ ಇಲ್ಲಿಯೂ ಜಾರಿಯಲ್ಲಿದೆ. ಸಂಡೂರು, ಕಂಪ್ಲಿ ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವುದೇ ಇಲ್ಲಿ ಆ ಸಮುದಾಯದವರು ಎಷ್ಟು ಜನರಿದ್ದಾರೆಂಬುದಕ್ಕೆ ಸಾಕ್ಷಿ. ಕಾಡಿನಿಂದ ಸೌದೆ, ಜೇನು, ಔಷಧಿ ಬೇರು, ದನಗಳ ಮೇವು ತರುತ್ತಿದ್ದ ಸಮುದಾಯದ ಹಕ್ಕನ್ನು ಅರ್ಜಿಯಾಗಿ ಬರೆದು ಗ್ರಾಮಸಭೆಯ ಮುಂದಿಡುವುದು ಇಂದಿಗೂ ಸಾಧ್ಯ.

ತುರ್ತಿನ ಸಂಗತಿ ಇನ್ನೊಂದಿದೆ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ನ್ಯಾಯಾಲಯವು 2022ರಲ್ಲಿ ಅದರ ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಅದರ ಯೋಜನೆಯ ಮೊತ್ತ 20 ಸಾವಿರ ಕೋಟಿ ರೂಪಾಯಿಗಳನ್ನೂ ಮೀರಿದೆ. ಇದು ನಮ್ಮ ಗುಡ್ಡವನ್ನು ಮಾರಿ ಬಂದ ಹಣ. ಇದು ರಸ್ತೆ, ಕಟ್ಟಡಗಳಿಗೇ ಹೋಗಬೇಕೋ, ನಾರಿಹಳ್ಳದ ಹೂಳು ತೆಗೆಯಲು, ಗುಡ್ಡದ ಮೇಲೆ ಮತ್ತೆ ಹುಲ್ಲು ಚಿಗುರಿಸಲು, ಧೂಳಿನಿಂದ ಕಾಯಿಲೆ ಬಿದ್ದವರ ಚಿಕಿತ್ಸೆಗೆ ಹೋಗಬೇಕೋ ಎಂಬ ತೀರ್ಮಾನ ಬೆಂಗಳೂರಿನ ಕೊಠಡಿಗಳಲ್ಲಿ ಮಾತ್ರ ಆಗಬಾರದು.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಪಠ್ಯದ ಮೊದಲ ಅಧ್ಯಾಯವನ್ನು ಈ ಸಲ ಮನೆಯ ಜಗುಲಿಯಲ್ಲಿ ಹಿರಿಯರಿಗೆ ಓದಿ ಹೇಳಿರಿ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ಪಂಚಾಯಿತಿ ಕಚೇರಿಯಲ್ಲಿ ಕೇಳಿ ಊರಿಗೆಲ್ಲ ತಿಳಿಸಿರಿ. ನಮ್ಮ ಊರಿನ ಪಾಲಿಗೆ ಎಷ್ಟು ಹಣ, ಯಾವ ಕೆಲಸಕ್ಕೆ, ಯಾರ ಒಪ್ಪಿಗೆಯಿಂದ ಎಂಬ ಮೂರು ಪ್ರಶ್ನೆಗಳನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಬರೆದು ಸಲ್ಲಿಸಿರಿ. ಸಭೆಯಲ್ಲಿ ಹೆಣ್ಣುಮಕ್ಕಳು ಆಡಿದ ಮಾತೂ ನಡವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ನೋಡಿ, ಅದರ ನಕಲನ್ನು ಪಡೆದು ಕಾಪಾಡಿರಿ. ಆಡಿದ ಮಾತು ಗಾಳಿಗೆ ಹೋಗುತ್ತದೆ. ನಡವಳಿಯಲ್ಲಿ ಬರೆದ ಮಾತು ನಾಳೆ ನ್ಯಾಯಾಲಯದಲ್ಲಿ ಸಾಕ್ಷಿಯಾಗುತ್ತದೆ.

‘ಪ್ರಜಾಪ್ರಭುತ್ವ’ ಎಂಬ ಪದವನ್ನು ಬಿಡಿಸಿ ನೋಡಿದರೆ ಪ್ರಜೆಯೇ ಪ್ರಭು ಎಂದಾಗುತ್ತದೆ. ಗುಡ್ಡ ಸರ್ಕಾರದ್ದೋ, ಊರಿನದೋ ಎಂಬ ಪ್ರಶ್ನೆಗೆ ಉತ್ತರ ಆ ಪದದೊಳಗೇ ಇದೆ. ಗುಡ್ಡ ಪ್ರಭುತ್ವದ ವಶದಲ್ಲಿದೆ, ಸರ್ಕಾರದ ಉಸ್ತುವಾರಿಯಲ್ಲಿದೆ. ಆದರೆ ಆ ಪ್ರಭುತ್ವ ನಮ್ಮಿಂದಲೇ ಆದುದು. ಉಸ್ತುವಾರಿಯವನಿಂದ ಲೆಕ್ಕ ಕೇಳುವ ಹಕ್ಕು ಊರಿನದು, ಕೇಳುವ ಕರ್ತವ್ಯವೂ ಊರಿನದೇ.